ತವರಿನಿಂದ ಬಂದವಳು

ಗಂಡ ಸತ್ತ ಹನ್ನೊಂದನೆಯ ದಿನ ಇಂದ್ರಾಣಿಗೆ ಸೀರೆ ತರುವವರು ಯಾರೂ ಇರಲಿಲ್ಲ. ಆ ಸೀಮೆಯ ಪದ್ಧತಿ ಹಾಗೆ. ಗಂಡನನ್ನು ಕಳೆದುಕೊಂಡವಳಿಗೆ ತವರಿನವರು ಹೊಸ ಸೀರೆ ತಂದು ಮಡಿಲಿಗೆ ಹಾಕಬೇಕು, ಒಂದು ರಾತ್ರಿಯ ಮಟ್ಟಿಗಾದರೂ ತಮ್ಮ ಮನೆಗೆ ಕರೆದೊಯ್ಯಬೇಕು. ತಿ. ನರಸೀಪುರದ ಆ ಕೇರಿಯಲ್ಲಿ ಬುದ್ಧನ ಪಟ ಇಲ್ಲದ ಮನೆಯೇ ಇರಲಿಲ್ಲ. ಆದರೂ ಸಾವಿನ ಮನೆಗೆ ಬಂದರೆ ಮುದುಕಿಯರ ಮಾತೇ ಮಾತು. ಬಂದವರೆಲ್ಲ ಬಾಗಿಲ ಕಡೆ ನೋಡುತ್ತ ಕೂತರು. ಯಾರೂ ಬರುವುದಿಲ್ಲವೆಂದು ಗೊತ್ತಿದ್ದೂ ನೋಡಿದರು. ಜನಕ್ಕೆ ಅದೊಂದು ಚಟ.

ಕೊನೆಗೆ ಗಂಡನ ಅಕ್ಕ ರಾಚಮ್ಮ ಎದ್ದು ಪೇಟೆಗೆ ಹೋಗಿ ಒಂದು ಸೀರೆ ಕೊಂಡು ತಂದಳು. ಇಂದ್ರಾಣಿಯ ಮಡಿಲಿಗೆ ಹಾಕಿ, "ತಕಳವ್ವ, ಇದೇ ನಿನ್ ತವರಿನ ಸೀರೆ ಅನ್ಕೋ," ಅಂದಳು. ಒಳ್ಳೆಯ ಮನಸ್ಸಿನಿಂದಲೇ ಅಂದದ್ದು, ರಾಚಮ್ಮ ಕೆಟ್ಟವಳಲ್ಲ. ಆದರೆ ಗಂಡನ ಹೆಣದ ಮುಂದೆಯೂ ಅಷ್ಟು ಅಳದಿದ್ದ ಇಂದ್ರಾಣಿ ಆ ಮಾತಿಗೆ ಬಿಕ್ಕಿ ಬಿಕ್ಕಿ ಅತ್ತಳು. ಗಂಡನ ಮೇಲಿನ ದುಃಖ ಎಂದುಕೊಂಡು ಎಲ್ಲರೂ ಬೆನ್ನು ಸವರಿದರು.

ಇಂದ್ರಾಣಿಯದು ನಂಜನಗೂಡು. ಹುಟ್ಟಿದ ಊರೋ ಅಲ್ಲವೋ ದೇವರಿಗೇ ಗೊತ್ತು, ಸಿಕ್ಕಿದ ಊರಂತೂ ಹೌದು. ಅಲ್ಲಿ ಯಾತ್ರಿಕರು ಇಳಿದುಕೊಳ್ಳುವ ಒಂದು ಛತ್ರವನ್ನು ಗುಡಿಸುತ್ತಿದ್ದವಳು ಮಂಗಳಮ್ಮ. ಒಂದು ಹುಣ್ಣಿಮೆಯ ಮಾರನೆಯ ದಿನ ಬಂದವರೆಲ್ಲ ಗಂಟು ಕಟ್ಟಿಕೊಂಡು ಹೊರಟುಹೋದ ಮೇಲೆ, ಕಸ ಗುಡಿಸುತ್ತಿದ್ದವಳಿಗೆ ಮೂಲೆಯಲ್ಲಿ ಟವೆಲ್ಲು ಸುತ್ತಿದ ಕೂಸು ಕಂಡಿತು. ಹೊಳೆಯ ದಂಡೆ, ಬಸ್ ಸ್ಟ್ಯಾಂಡು, ರೈಲ್ವೆ ಸ್ಟೇಷನ್ನು ಎಲ್ಲ ಕಡೆ ಕೂಸನ್ನು ಹೊತ್ತು ಓಡಾಡಿ ಕೇಳಿದಳು. ಯಾರೂ ನಮ್ಮದೆನ್ನಲಿಲ್ಲ. ಮದುವೆಯಿಲ್ಲ, ಮಕ್ಕಳಿಲ್ಲ, ಹಿಂದಿಲ್ಲ ಮುಂದಿಲ್ಲದ ಹೆಂಗಸು, ತಾನೇ ಸಾಕಿಕೊಂಡಳು. ಮುಚ್ಚಿಡಲೂ ಇಲ್ಲ. "ನೀ ನಂಜುಂಡಪ್ಪ ನನ್ ಪೊರಕೆ ಮುಂದೆ ಇಟ್ಟ ಮಗ," ಎಂದು ಮುದ್ದು ಮಾಡಿಯೇ ಹೇಳಿ ಬೆಳೆಸಿದಳು.

ಚಿಕ್ಕವಳಿದ್ದಾಗ ಇಂದ್ರಾಣಿ ಛತ್ರದ ಮೆಟ್ಟಿಲ ಮೇಲೆ ಕೂತು, ಬರುವ ಹೋಗುವ ಹೆಂಗಸರ ಮುಖ ನೋಡುತ್ತಿದ್ದಳು. ಯಾರ ಮೂಗು ತನ್ನ ಮೂಗಿನಂತಿದೆ, ಯಾರ ಗಲ್ಲ ತನ್ನ ಗಲ್ಲದಂತಿದೆ ಎಂದು ಹುಡುಕುವುದೇ ಅವಳ ಆಟ. ಮುಂದೆ ಎಸ್ಸೆಸ್ಸೆಲ್ಸಿ ಪಾಸಾಯಿತು, ಕೆಇಬಿಯ ಲೈನ್‌ಮನ್ ಕರಿಯಪ್ಪನ ಜೊತೆ ಮದುವೆಯಾಯಿತು, ನರಸೀಪುರದಲ್ಲಿ ಅಂಗನವಾಡಿ ಟೀಚರ್ ಕೆಲಸವೂ ಸಿಕ್ಕಿತು. ಮಕ್ಕಳಾಗಲಿಲ್ಲ. ಮಂಗಳಮ್ಮ ಹೋಗಿಬಿಟ್ಟಳು. ತವರು ಅಂತ ಇದ್ದದ್ದು ಅದೊಂದು ಜೀವ, ಅದೂ ಇಲ್ಲದಾಯಿತು. ಈಗ ಕಾಮಾಲೆಯಲ್ಲಿ ಕರಿಯಪ್ಪನೂ ಹೋದ. ಸಂಜೆ ಮಕ್ಕಳನ್ನೆಲ್ಲ ಮನೆಗೆ ಕಳಿಸಿ ಬಂದು ಬೀಗ ತೆಗೆದರೆ, "ಬಂದ್ಯಾ?" ಎನ್ನುವವರಿಲ್ಲ. ತಾನೇ ಒಮ್ಮೊಮ್ಮೆ, "ಬಂದೆ ಕಣಪ್ಪಾ," ಎಂದು ಗೋಡೆಗೆ ಹೇಳುವಳು.

ಅದಾದ ಮರುವರ್ಷ, ಎರಡು ಸಾವಿರದ ಮೂರಿರಬೇಕು, ಕೇರಿಗೆ ಒಂದು ಜೀಪು ಬಂತು. ಇಳಿದವನು ಮದನ್ ಎಂಬ ತರುಣ, ಮೈಸೂರಿನಲ್ಲಿ ಸಂಶೋಧನೆ ಮಾಡುವವನು. ಈ ಸೀಮೆಯ ಜನಗಳ ಮೂಲ ಎಲ್ಲಿಯದು, ಯಾರು ಯಾರಿಗೆ ಎಷ್ಟು ಹತ್ತಿರ ಎಂಬುದನ್ನು ರಕ್ತದಿಂದ ತಿಳಿಯುವ ಕೆಲಸವಂತೆ. ಊರೂರಿನಲ್ಲಿ ಕ್ಯಾಂಪು ಮಾಡುತ್ತ ಬಂದಿದ್ದ. ಜನರನ್ನು ಸೇರಿಸಿಕೊಡಿ ಎಂದು ಇಂದ್ರಾಣಿಯನ್ನೇ ಕೇಳಿಕೊಂಡ.

ಅಂಗನವಾಡಿಯ ಮುಂದೆ ಜನ ನೆರೆದರು. "ಸಕ್ಕರೆ ಕಾಯ್ಲೆ ನೋಡ್ತೀರಾ ಸಾ?" ಎಂದು ಒಬ್ಬಳು. "ಇಲ್ಲಮ್ಮ." "ಬಿಪಿ?" "ಅದೂ ಇಲ್ಲ." "ಮತ್ಯಾಕ್ ಸಾ ಸುಮ್ನೆ ಚುಚ್ತೀರಿ?" ಕೇರಿಗೇ ಹಿರಿಯನಾದ ಹುಚ್ಚಯ್ಯ ಬೀಡಿ ಆರಿಸಿ, "ನಮ್ ಮೂಲ ನಾನ್ ಹೇಳ್ತೀನಿ ಬರ್ಕೋ ಸಾ. ಆ ಕಡೆ ಒಳೆ, ಈ ಕಡೆ ಗದ್ದೆ, ನಡೂಕೆ ನಾವು. ಇದುಕ್ಕೆ ಸೂಜಿ ಬೇಕಾ?" ಅಂದ. ಎಲ್ಲರೂ ಗೊಳ್ಳೆಂದು ನಕ್ಕರು. ನಕ್ಕರೂ ತೋಳು ಕೊಟ್ಟರು. ತಾತ ಅಜ್ಜಿಯರ ಹೆಸರು ಮತ್ತು ಊರು ಹೇಳಬಲ್ಲವರ ರಕ್ತ ಮಾತ್ರ ಆಗಬೇಕಿತ್ತು. ಒಬ್ಬೊಬ್ಬರೂ ಪಟಪಟನೆ ಹೆಸರು ಹೇಳಿ, ಎದೆಯುಬ್ಬಿಸಿಕೊಂಡು ಹೋದರು. ಇಂದ್ರಾಣಿ ಬಿಸಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡಳು.

ಎಲ್ಲರೂ ಹೋದ ಮೇಲೆ ಅವಳು ಮದನನ ಮುಂದೆ ಕೂತು ಸೆರಗು ಸರಿಸಿ ತೋಳು ಚಾಚಿದಳು. "ನಂದೂ ತಗೊಳ್ಳಿ ಸಾ."

"ಓಹೋ, ಖಂಡಿತ. ನಿಮ್ಮ ತಾತನ ಹೆಸರು ಹೇಳಿ ಟೀಚರ್."

"ಗೊತ್ತಿಲ್ಲ."

"ಅಜ್ಜೀದು?"

"ಗೊತ್ತಿದ್ದಿದ್ರೆ ನಿಮ್ಮುಂದೆ ಯಾಕೆ ಕೂರ್ತಿದ್ದೆ ಸಾ?"

ಛತ್ರದ ಕಥೆಯನ್ನೆಲ್ಲ ಹೇಳಿದಳು. ಮದನ್ ಪೆಚ್ಚಾದ. ನಮ್ಮ ಕೆಲಸ ಸಾವಿರಾರು ವರ್ಷಗಳ ಹಿಂದಿನ ಮಾತು, ಒಬ್ಬೊಬ್ಬರ ತಂದೆ ತಾಯಿಯನ್ನು ಹುಡುಕಿಕೊಡುವುದು ಇದರಿಂದ ಆಗುವುದಿಲ್ಲ ಎಂದು ತಿಳಿಸಿ ಹೇಳಿದ. ಅವಳು ತಲೆಯಾಡಿಸಿದಳು, ತೋಳು ಮಾತ್ರ ಹಿಂದಕ್ಕೆ ತೆಗೆಯಲಿಲ್ಲ. ಕೊನೆಗೆ ಅವನು, "ಸರಿ, ಇದನ್ನ ನಮ್ಮ ಲೆಕ್ಕಕ್ಕೆ ಸೇರಿಸಲ್ಲ, ಬೇರೆಯಾಗಿ ನೋಡ್ತೀನಿ," ಎಂದು ಸೂಜಿ ಚುಚ್ಚಿದ. ಸೀಸೆಗೆ ಇಳಿದ ತನ್ನ ರಕ್ತವನ್ನು ಅವಳು ಕಣ್ಣು ಮಿಟುಕಿಸದೆ ನೋಡಿದಳು. ಇಷ್ಟು ದಿನ ತನ್ನ ಮೈಯೊಳಗೇ ಇದ್ದು ಒಂದು ಮಾತೂ ಆಡಲಿಲ್ಲವಲ್ಲ ಎಂದು ಅದರ ಮೇಲೆ ಸಿಟ್ಟೂ ಬಂತು.

ಆಮೇಲೆ ಕಾಯುವುದು. ಅಯ್ಯೋ, ಆ ಕಾಯುವುದೇನು! ಜೀಪಿನ ಸದ್ದಾದರೆ ಹೊರಗೆ ಬಂದು ನೋಡುವಳು. ಮಕ್ಕಳಿಗೆ ಹಾಡು ಹೇಳಿಕೊಡುತ್ತ ನಡುವೆಯೇ ಮರೆತು ನಿಂತುಬಿಡುವಳು. ತಾಯಿ ಬದುಕಿದ್ದರೆ ಅರವತ್ತೈದೋ ಎಪ್ಪತ್ತೋ ಆಗಿರಬೇಕು. ಅಣ್ಣ ತಮ್ಮಂದಿರು ಇದ್ದಾರೋ ಏನೋ. ಒಬ್ಬನಾದರೂ ಇರಬಾರದೇ, ಹಬ್ಬಕ್ಕೆ ಬಂದು ಬಾಗಿಲಲ್ಲಿ ನಿಂತು, "ಹೊರಡಕ್ಕ, ಬಸ್ಸು ಬತ್ತದೆ," ಎಂದು ಅವಸರ ಮಾಡುವವನು? ಯಾಕೆ ಬಿಟ್ಟುಹೋದೆ ಎಂದು ತಾಯಿಯನ್ನು ಕೇಳುವ ಆಸೆಯೂ ಅವಳಿಗಿರಲಿಲ್ಲ. ಹೋಗಿ ಎರಡು ದಿನ ಇದ್ದು ಬರುವುದಕ್ಕೆ ಒಂದು ಮನೆ ಇದ್ದರೆ ಸಾಕಾಗಿತ್ತು.

ಅವರೆಕಾಯಿಯ ಕಾಲಕ್ಕೆ ಮದನ್ ಬಂದ. ಮಕ್ಕಳು ಕೂರುವ ಪುಟ್ಟ ಕುರ್ಚಿಯಲ್ಲಿ ಮೊಣಕಾಲು ಮಡಚಿ ಕೂತು, ತಾಯಿಯಿಂದ ಮಗಳಿಗೆ, ಮಗಳಿಂದ ಮೊಮ್ಮಗಳಿಗೆ ಬರುವ ಒಂದು ಗುರುತನ್ನು ನೋಡಿದ್ದಾಗಿ ಹೇಳಿದ. "ನಿಮ್ಮದು ತುಂಬ ಹಳೇದು ಟೀಚರ್. ದಕ್ಷಿಣದಲ್ಲೆಲ್ಲ ಹರಡಿದೆ."

"ಯಾವೂರು ಸಾ?"

"ಊರು ಅಂತ ಹೇಳೋಕಾಗಲ್ಲ."

"ಓಗ್ಲಿ, ಯಾವ ಜನ?"

"ಎಲ್ಲ ಜನರಲ್ಲೂ ಇದೆ. ನಿಮ್ಮ ಕೇರೀಲೂ ಇದೆ, ಮೇಲಿನ ಬೀದೀಲೂ ಇದೆ."

ಅವಳ ಮುಖ ಬಾಡಿಹೋಯಿತು. ಅದನ್ನು ನೋಡಲಾರದೆ ಮದನ್ ಹೇಳಬಾರದ ಮಾತೊಂದನ್ನು ಹೇಳಿಬಿಟ್ಟ. ಒಳ್ಳೆಯವರಿಗೆ ಬಾಯಿ ಹಗುರವಾದರೆ ಬರುವ ತಾಪತ್ರಯ ಕೆಟ್ಟವರಿಂದಲೂ ಬರುವುದಿಲ್ಲ. "ಒಂದಿದೆ ನೋಡಿ. ನಂಜನಗೂಡಿನ ಆ ಕಡೆ, ದೇವನೂರಲ್ಲಿ ತಗೊಂಡ ಒಬ್ಬರದು ನಿಮ್ಮದಕ್ಕೆ ಸರಿಯಾಗಿ ಕೂತಿದೆ. ನಾವು ನೋಡಿದ ಭಾಗದಲ್ಲಿ ಕೂದಲೆಳೆಯಷ್ಟೂ ವ್ಯತ್ಯಾಸ ಇಲ್ಲ."

"ಯಾರು ಸಾ?"

"ಹೆಸರು ಹೇಳೋ ಹಾಗಿಲ್ಲ ಟೀಚರ್, ತಪ್ಪಾಗುತ್ತೆ."

"ಗಂಡಸಾ, ಎಂಗಸಾ? ಅಷ್ಟಾದ್ರೂ ಹೇಳಿ ಸಾ, ನಿಮ್ಮ ದಮ್ಮಯ್ಯ."

"ಹೆಂಗಸು. ವಯಸ್ಸಾಗಿದೆ. ಪಾಪ, ಕಣ್ಣು ಕಾಣಲ್ಲ ಅವರಿಗೆ."

ಹೆಸರು ಹೇಳಲಿಲ್ಲವೆಂದು ಅವನಿಗೆ ಸಮಾಧಾನ! ಒಂದು ಊರಲ್ಲಿ ಕಣ್ಣು ಕಾಣದ ಮುದುಕಿಯರು ಎಷ್ಟು ಜನ ಇದ್ದಾರು? ತಾನು ಆಡಿದ್ದೇನೆಂದು ಹೊಳೆದ ಮೇಲೆ ಅವನು ಗಾಬರಿಯಿಂದ, "ಇದರಿಂದ ಅವರು ನಿಮ್ಮ ನೆಂಟರು ಅಂತಾಗಲ್ಲ. ಇಬ್ಬರಿಗೂ ಸೇರಿದ ಆ ತಾಯಿ ಐನೂರು ವರ್ಷದ ಹಿಂದಿನವಳಿರಬಹುದು, ಐದು ಸಾವಿರ ವರ್ಷದ ಹಿಂದಿನವಳೂ ಇರಬಹುದು," ಎಂದು ಎರಡೆರಡು ಸಲ ಹೇಳಿದ.

"ಅರ್ಥ ಆಯ್ತು ಬುಡಿ ಸಾ. ಮೊಸರಿನ ಹೆಪ್ಪಿನ ಥರ," ಅಂದಳು ಇಂದ್ರಾಣಿ. "ಅವರ ಮನೆಯಿಂದ ಇವರು ಈಸ್ಕೊಂಡ್ರು, ಇವರ ಮನೆಯಿಂದ ಇನ್ನೊಬ್ರು. ಯಾರ ಮನೇದು ಮೊದಲನೇದು ಅಂತ ಮೊಸರು ನೋಡಿ ಹೇಳಕ್ಕಾದದಾ?"

"ಎಷ್ಟು ಚೆನ್ನಾಗಿ ಹೇಳಿದ್ರಿ!" ಎಂದು ಮದನ್ ನೆಮ್ಮದಿಯಿಂದ ಜೀಪು ಹತ್ತಿದ. ಅವಳಿಗೆ ಅರ್ಥವಾಗಿದ್ದೂ ನಿಜ. ಆದರೆ ಅರ್ಥವಾಗುವುದು ತಲೆಗೆ. ಆ ಭಾನುವಾರ ಬೆಳಿಗ್ಗೆ ತಲೆಯನ್ನು ಕೇಳಿಕೊಂಡೇನೂ ಅವಳು ಬಸ್ಸು ಹತ್ತಲಿಲ್ಲ.

ನಂಜನಗೂಡಿನಲ್ಲಿ ಇಳಿದು ಒಂದು ಚಿಪ್ಪು ಬಾಳೆಹಣ್ಣು ಕೊಂಡು ದೇವನೂರಿನ ಬಸ್ಸು ಹಿಡಿದಳು. ದಾರಿಯುದ್ದಕ್ಕೂ "ಅವ್ವಾ" ಎನ್ನಲೋ "ಅಮ್ಮಾ" ಎನ್ನಲೋ ಎಂದೇ ಯೋಚನೆ. ಊರ ಬಾಗಿಲ ಅಂಗಡಿಯವನು, "ಕಣ್ ಕಾಣದ ಅಜ್ಜಿನಾ? ನಮ್ ರುದ್ರಮ್ಮನೋರು. ದೊಡ್ಡಸಿದ್ದಯ್ಯನೋರ ಮನೆ ಅಂದ್ರೆ ಯಾರಾದ್ರೂ ತೋರುಸ್ತರೆ," ಅಂದ. ಕರುಣೇಶ್ವರನೋ ನಂಜುಂಡೇಶ್ವರನೋ, ಆ ಮನೆಯ ಬಾಗಿಲ ಮೇಲೊಂದು ಶಿವನ ಪಟ, ಕೆಳಗೆ ವಿಭೂತಿಯ ಮೂರು ಗೆರೆ. ಲಿಂಗಾಯತರ ದೊಡ್ಡ ತೊಟ್ಟಿಮನೆ. ಇಂದ್ರಾಣಿಯ ಕಾಲು ಅಲ್ಲೇ ತಡೆಯಿತು.

ಜಗಲಿಯ ಮೇಲೆ ರುದ್ರಮ್ಮನ ಸೊಸೆ ಚನ್ನಬಸಮ್ಮ ಅವರೆಕಾಳು ಹಿಸುಕುತ್ತ ಕೂತಿದ್ದಳು. ಇಂದ್ರಾಣಿಗೆ ಸುಳ್ಳು ಹೇಳಿ ಅಭ್ಯಾಸವಿಲ್ಲ. ಛತ್ರ, ಮಂಗಳಮ್ಮ, ಕೇರಿ, ಮದನ್, ರಕ್ತ ಎಲ್ಲವನ್ನೂ ಒಂದೂ ಬಿಡದೆ ಹೇಳಿದಳು. ಕೇರಿಯ ಹೆಸರು ಬಂದಾಗ ಚನ್ನಬಸಮ್ಮನ ಕೈ ನಿಂತಿತು. "ಅಲ್ಲೇ ಕೂತ್ಕಳಿ," ಎಂದು ಜಗಲಿಯ ತುದಿ ತೋರಿಸಿದಳು. ಇದೇನು ಹೊಸದಲ್ಲ, ಇಂದ್ರಾಣಿ ತುದಿಯಲ್ಲೇ ಕೂತಳು. ಆ ರಕ್ತಕ್ಕೆ ಗೊತ್ತಿಲ್ಲದ ಬೀದಿಯ ಲೆಕ್ಕವೆಲ್ಲ ಆ ಜಗಲಿಗೆ ಗೊತ್ತಿತ್ತು.

ಚನ್ನಬಸಮ್ಮ ದನಿ ತಗ್ಗಿಸಿ, ಗಟ್ಟಿಯಾಗಿ ಅಲ್ಲದಿದ್ದರೂ ಖಡಕ್ಕಾಗಿ ಹೇಳಿದಳು: "ನೋಡಿ, ನಮ್ಮತ್ತೆಗೆ ಮೂರು ಎರಿಗೆ. ಮೂರೂ ಗಂಡು, ಮೂರೂ ಈ ಮನೆ ಕ್ವಾಣೇಲೇ ಆಗಿದ್ದು. ಸೂಲಗಿತ್ತಿ ಇನ್ನೂ ಗಟ್ಟಿಮುಟ್ಟಾಗವ್ಳೆ, ಬೇಕಾರೆ ಕೇಳಿ. ಛತ್ರದಲ್ಲಿ ಕೂಸು ಬುಟ್ಟುಬಂದ್ರು ಅಂದ್ರೆ ನಾಲಿಗೆ ಸೇದೋದದು."

"ಇಲ್ಲಕ್ಕ, ಅವರೇ ಅಂತ ನಾನಂದಿಲ್ಲ," ಎಂದಳು ಇಂದ್ರಾಣಿ. ಅವರೇ ಎಂದು ಬಸ್ಸಿನಲ್ಲಿ ನೂರು ಸಲ ಅಂದುಕೊಂಡಿದ್ದಳು. "ಅವರ ಅಕ್ಕ ತಂಗೀರು ಯಾರಾದ್ರೂ? ಈ ಊರಲ್ಲಿ?"

"ಈ ಊರಾ? ಅತ್ತೆ ಈ ಊರೋರೇ ಅಲ್ಲ. ಕಾವೇರಿ ಆಚೆಯಿಂದ ತಂದಿದ್ದು."

"ಕ್ಯಾಂಪಿನೋರು ದೇವನೂರು ಅಂದ್ರಲ್ಲ ಅಕ್ಕ? ತಾತ ಅಜ್ಜೀನೂ ಇಲ್ಲಿಯೋರೇ ಅಂತ..."

"ನಾನೇ ಹೇಳ್ದೆ. ನಿಮ್ ತಾತ ಯಾರು ಅಂದ್ರು, ನಮ್ ಮನೆ ಹಿರೀಕರ ಹೆಸರು ಹೇಳ್ದೆ. ಕೊಟ್ಟ ಎಣ್ಣಿಗೆ ಗಂಡನ ಮನೆ ತಾತ ತಾನೆ ತಾತ? ಇನ್ಯಾರ ಹೆಸರು ಹೇಳ್ಬೇಕಿತ್ತು?"

ಇಂದ್ರಾಣಿಗೆ ಆಗ ಹೊಳೆಯಿತು. ತನ್ನ ಕೇರಿಯಲ್ಲೂ ಅದೇ ಆಗಿತ್ತು. ಪಟಪಟನೆ ಹೆಸರು ಹೇಳಿದ ಹೆಂಗಸರೆಲ್ಲ ಗಂಡನ ಮನೆಯ ತಾತ ಅಜ್ಜಿಯರ ಹೆಸರನ್ನೇ ಹೇಳಿದ್ದರು. ಪಕ್ಕದಲ್ಲಿ ನಿಂತು ಕೇಳಿಸಿಕೊಂಡ ಅವಳಿಗೂ ಅದು ತಪ್ಪೆನಿಸಿರಲಿಲ್ಲ. ಮದುವೆಯಾದವಳ ಕುಲ ಗಂಡನದು, ಮನೆದೇವರು ಗಂಡನದು, ಹಿರಿಯರೂ ಗಂಡನವರೇ. ಇದು ಗೊತ್ತಿಲ್ಲದ್ದು ಆ ಓದಿದ ಹುಡುಗನೊಬ್ಬನಿಗೇ. ತಾಯಿಯ ಕಡೆಯ ಗುರುತು ಹುಡುಕಲು ಬಂದವನು, ಸೊಸೆಯಂದಿರ ಬಾಯಲ್ಲಿ ಮಾವಂದಿರ ಊರು ಬರೆಸಿಕೊಂಡು ಹೋಗಿದ್ದ. ದೇವನೂರು ಎಂಬ ಒಂದೇ ಒಂದು ಊರು ಅವಳ ಕೈಗೆ ಸಿಕ್ಕಿತ್ತು, ಅದೂ ಜಾರಿಹೋಯಿತು.

"ಬತ್ತೀನಿ ಅಕ್ಕ, ತೊಂದ್ರೆ ಕೊಟ್ಟೆ," ಎಂದು ಎದ್ದಳು. ಹಣ್ಣನ್ನು ಏನು ಮಾಡುವುದೆಂದು ತಿಳಿಯದೆ ಕೈಯಲ್ಲೇ ಹಿಡಿದು ನಿಂತಳು.

"ಯಾರದು, ಚನ್ನಬಸಮ್ಮ? ರಕ್ತ ಅಂದಂಗಾಯ್ತಲ್ಲ?"

ಒಳಗಿನಿಂದ ಬಂದ ದನಿ. ಹಿಂದೆಯೇ ಗೋಡೆ ಸವರಿಕೊಂಡು ಮುದುಕಿ ಬಂದಳು. ಕುಳ್ಳು, ತೆಳ್ಳನೆಯ ಜೀವ, ಹಣೆತುಂಬ ವಿಭೂತಿ, ಕಣ್ಣು ಎತ್ತಲೋ. ಇಂದ್ರಾಣಿ ತನಗೆ ಅರಿವಿಲ್ಲದೆಯೇ ಅವಳ ಮೂಗು ನೋಡಿದಳು, ಗಲ್ಲ ನೋಡಿದಳು. ಯಾವುದೂ ತನ್ನಂತಿರಲಿಲ್ಲ.

"ರಕ್ತ ತಕ್ಕಂಡೋದೋರು ಕಳ್ಸುದ್ರಾ? ಸಿಕ್ಕುದ್ರಾ ನಮ್ ಕಡೇರು?" ಮುದುಕಿ ಮಾತು ಕೇಳಿಸಿದ ಕಡೆ ಮುಖ ತಿರುಗಿಸಿದಳು. "ಬಳಗ ಎಲ್ಲದೆ ಅಂತ ರಕ್ತ ನೋಡುದ್ರೆ ಗೊತ್ತಾದದು ಅಂತ ಊರೆಲ್ಲ ಅಂದ್ರು. ಅದುಕ್ಕೇ ಕೊಟ್ಟೆ ಕಣವ್ವ. ಇಲ್ದಿದ್ರೆ ಈ ವಯಸ್ನಲ್ಲಿ ಸೂಜಿ ಚುಚ್ಚುಸ್ಕಳಕ್ಕೆ ನನಗೇನು ಉಚ್ಚಾ?"

ಚನ್ನಬಸಮ್ಮ ಸಣ್ಣಗೆ, "ಅತ್ತೆಯ ಅಣ್ಣನಿಗೂ ನಮ್ಮ ಮಾವನ ಅಪ್ಪನಿಗೂ ಎಣ್ಣು ಕೊಟ್ಟು ತರೋ ಮಾತಲ್ಲಿ ಜಗಳ ಆಗಿತ್ತಂತೆ. ಅವತ್ತು ಎದ್ದೋದೋರು ಮತ್ತೆ ಬರ್ಲೇ ಇಲ್ಲ. ಆಮೇಲೆ ಜಮೀನು ಮಾರ್ಕಂಡು ಎತ್ಲಾಗೋ ಓಗ್ಬುಟ್ರು," ಅಂದಳು. ದನಿಯಲ್ಲಿದ್ದ ಬಿಗಿ ಆಗಲೇ ಸ್ವಲ್ಪ ಸಡಿಲವಾಗಿತ್ತು.

ಅಷ್ಟರಲ್ಲಿ ಮುದುಕಿ ಗಾಳಿಯಲ್ಲಿ ಕೈಯಾಡಿಸಿ ಇಂದ್ರಾಣಿಯ ಕೈ ಹಿಡಿದಾಗಿತ್ತು. ಮುಂಗೈ ಸವರಿದಳು, ಬಳೆಯಿಲ್ಲದ್ದು ತಿಳಿದು ಲೊಚಗುಟ್ಟಿದಳು. "ನನ್ ತವರಿಂದ ಬಂದ್ಯಾ ಮಗಾ? ನಮ್ಮಣ್ಣ ಪುಟ್ಟಬಸವಯ್ಯನ ಮಗಳಾ ನೀನು?"

ಇಂದ್ರಾಣಿ ಚನ್ನಬಸಮ್ಮನ ಕಡೆ ನೋಡಿದಳು. ಅವಳು ಇಲ್ಲವೆನ್ನಲಿಲ್ಲ, ಹೌದೆನ್ನಲಿಲ್ಲ, ಮುಖ ತಿರುಗಿಸಿ ಕಾಳಿನ ಮೊರದ ಕಡೆ ನೋಡಿದಳು. ತಾಯಿಯಿಂದ ಮಗಳಿಗೆ ಬರುವ ಆ ಗುರುತು ಅಣ್ಣನ ಮೂಲಕ ಅವನ ಮಗಳಿಗೆ ಇಳಿಯುವುದೇ ಇಲ್ಲ ಎಂಬುದು ಮದನನ ಶಾಸ್ತ್ರ. ಅಲ್ಲಿ ಅವನಿರಲಿಲ್ಲ. ಇದ್ದಿದ್ದರೂ ಆ ಕೈ ಹಿಡಿದಿದ್ದ ರೀತಿ ನೋಡಿ ಅದನ್ನು ಹೇಳಲು ಅವನಿಗೆ ಬಾಯಿ ಬರುತ್ತಿರಲಿಲ್ಲ.

"ಹೂಂ ಅತ್ತೆ," ಅಂದಳು ಇಂದ್ರಾಣಿ. "ಅವರ ಮಗಳು."

ಮುದುಕಿ ಕುಸಿದು ಜಗಲಿಯ ಮೇಲೆ ಕೂತಳು. ಕೈ ಮಾತ್ರ ಬಿಡಲಿಲ್ಲ. "ಅಣ್ಣ ಇನ್ನೂ ಅವ್ನಾ?"

ಇದ್ದಾರೆ ಎಂದರೆ ಕರೆದು ತಾ ಎಂದಾಳು. "ತೀರ್ಕೊಂಡ್ರು ಅತ್ತೆ. ಕೊನೇಲಿ ನಿಮ್ಮ ಹೆಸರೇ ಹೇಳ್ತಿದ್ರು."

ಎಂಥ ಸುಳ್ಳು! ಕಂಡು ಕೇಳರಿಯದ ಒಬ್ಬನಿಗೆ ಸಾವನ್ನೂ ಕೊಟ್ಟಳು, ಕೊನೆಯ ಮಾತನ್ನೂ ಕೊಟ್ಟಳು. ಮುದುಕಿ, "ಯಾಕಣ್ಣಾ ಬರ್ಲಿಲ್ಲ, ಒಂದ್ ಸಲ ಬಂದಿದ್ರೆ ನಿನ್ ಗಂಟೇನು ಓಗ್ತಿತ್ತಣ್ಣಾ," ಎಂದು ಹಾಡಿ ಹಾಡಿ ಅತ್ತಳು. ಇಂದ್ರಾಣಿಯೂ ಅತ್ತಳು. ಅವಳ ಅಳು ಯಾರಿಗೆಂದು ಅವಳಿಗೇ ತಿಳಿಯದು. ಅತ್ತು ಮುಗಿದ ಮೇಲೆ ಮುದುಕಿ ಬೈದಳು, ಇಷ್ಟು ವರ್ಷ ಎಲ್ಲಿ ಸತ್ತಿದ್ದೆ ಎಂದು. ಹಣ್ಣಿನ ಚಿಪ್ಪನ್ನು ಮಡಿಲಿಗೆ ಇಟ್ಟುಕೊಂಡು ಸವರಿ ಸವರಿ ನೋಡಿದಳು. ಎದುರುಮನೆಯ ಕಡೆಗೆ ಮುಖ ಮಾಡಿ, "ನೋಡ್ರವ್ವಾ, ನನ್ ತವರಿಂದ ಬಂದವ್ಳೆ!" ಎಂದು ಕೂಗಿದಳು. ಅಲ್ಲಿ ಯಾರೂ ಇರಲಿಲ್ಲ.

"ಚನ್ನಬಸಮ್ಮ, ಯಾಕಿನ್ನೂ ಜಗಲೀಲಿ ಕೂರ್ಸಿದ್ದೀಯ? ಒಳಿಕ್ಕೆ ಕರ್ಕಂಡೋಗಿ ಎಲೆ ಆಕು. ನಮ್ಮಣ್ಣನ ಮಗಳು ಕಣೇ!"

ಚನ್ನಬಸಮ್ಮನ ಮುಖ ಬಿಳಿಚಿಕೊಂಡಿತು. ಬಾಗಿಲ ಕಡೆ ನೋಡಿದಳು, ಇಂದ್ರಾಣಿಯ ಕಡೆ ನೋಡಿದಳು. ಕೆಟ್ಟವಳಲ್ಲ ಅವಳೂ. ಆದರೆ ಹೊಸಿಲು ಹೊಸಿಲೇ.

"ಬ್ಯಾಡ ಅತ್ತೆ," ಎಂದಳು ಇಂದ್ರಾಣಿ. "ನಂಜನಗೂಡಲ್ಲೇ ಊಟ ಆಯ್ತು. ಬಸ್ಸಿಗೆ ಹೊತ್ತಾಗದೆ." ಅವಳ ಹೊಟ್ಟೆಗೆ ಬೆಳಗಿನಿಂದ ಏನೂ ಬಿದ್ದಿರಲಿಲ್ಲ. ಚನ್ನಬಸಮ್ಮ ಉಸಿರು ಬಿಟ್ಟಳು, ಬಿಟ್ಟ ಮೇಲೆ ನಾಚಿಕೆಯಾಗಿ ತಲೆ ತಗ್ಗಿಸಿದಳು.

"ಬಂದ ಕಾಲಲ್ಲೇ ಓಯ್ತೀಯಾ? ಅಪ್ಪನಂಗೇ ನೀನೂ," ಎಂದು ಮುದುಕಿ ಮುನಿಸಿಕೊಂಡಳು. "ಇನ್ನೊಂದ್ ಭಾನುವಾರ ಬತ್ತೀಯಾ? ಮಾತು ಕೊಡು."

"ಬತ್ತೀನಿ."

ಮುದುಕಿ ಅವಳ ಮುಖವನ್ನು ಎರಡೂ ಕೈಯಲ್ಲಿ ಸವರಿ ನೆಟಿಗೆ ಮುರಿದಳು. "ತವರಿಲ್ದೋಳ ಬಾಳು ಬಾಳಲ್ಲ ಕಣವ್ವ. ಅಬ್ಬ ಅರಿದಿನ ಬಂದ್ರೆ ಓರಗಿತ್ತೀರ ಮನೆ ಮುಂದೆ ಅವರವರ ಅಣ್ಣ ತಮ್ಮಂದೀರು ಬಂದು ನಿಂತ್ಕತಾರೆ. ನಾನು ಒಲೆ ಮುಂದೆ ಕೂತ್ಕಂಡು, ಒಗೆ ಕಣ್ಣಿಗೋಯ್ತು ಅಂತ ಕಣ್ಣೊರಸ್ಕತಿದ್ದೆ. ಯಾರ್ ತಾವ ಏಳ್ಕಳನ? ನಿಂಗೆ ಅದೆಲ್ಲ ಗೊತ್ತಾಗಲ್ಲ ಬುಡು. ನೀನು ಅಪ್ಪ ಅವ್ವ ಬಳಗ ಎಲ್ಲ ಇದ್ದು ಬೆಳ್ದೋಳು, ಪುಣ್ಯವಂತೆ."

ಇಂದ್ರಾಣಿ ಚಪ್ಪಲಿ ಮೆಟ್ಟಿಕೊಂಡಳು.

"ಹೂಂ ಅತ್ತೆ," ಅಂದಳು. "ನಂಗೆಲ್ಲಿ ಗೊತ್ತಾಗ್ಬೇಕು."